ಗೆರೆಗೆ ಸಿಗದವನು

ಬಣ್ಣದಕ್ಕ ಮೀಟಿಂಗುಗಳಿಗೆ ಹೋಗುವವಳಲ್ಲ. ಅವತ್ತು ಡಾಕ್ಟರಮ್ಮನೇ ಲ್ಯಾಬಿನ ಬಾಗಿಲಲ್ಲಿ ನಿಂತು, "ಎರಡು ವರ್ಷ ಕಣ್ಣು ಕಳ್ಕೊಂಡು ಸ್ಲೈಡ್ ಮಾಡಿದವಳು ನೀನು. ಈಗ ಫಲ ಬಂದಿದೆ, ನೋಡೋಕೆ ನೀನೇ ಇಲ್ಲ ಅಂದ್ರೆ ಹೇಗೆ? ಗ್ಲೌಸ್ ಬಿಚ್ಚಿ ಬಾ," ಎಂದು ಕರೆದದ್ದರಿಂದ ಹೋದಳು.

ಆಸ್ಪತ್ರೆಯ ಪರೀಕ್ಷಾ ವಿಭಾಗದಲ್ಲಿ ಅವಳು ಹದಿನಾರು ವರ್ಷದಿಂದ ಟೆಕ್ನಿಷಿಯನ್. ಆಪರೇಷನ್ನಿನಲ್ಲಿ ತೆಗೆದ ದೇಹದ ತುಣುಕನ್ನು ಮೇಣದೊಳಗೆ ಹುದುಗಿಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ ಡಾಕ್ಟರರ ಮೈಕ್ರೋಸ್ಕೋಪಿನಡಿಗೆ ಕಳಿಸುವುದು ಅವಳ ಕೆಲಸ. ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿಯೋ ಗುಲಾಬಿಯೋ ಉಳಿದಿರುತ್ತಿತ್ತು. ಹಾಗಾಗಿ ಬಣ್ಣದಕ್ಕ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಡಾಕ್ಟರಮ್ಮ ಆ ವಿಭಾಗದ ಮುಖ್ಯಸ್ಥೆ, ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದವರು. ಹೋಗುವ ಮುಂಚೆ ಒಂದು ದೊಡ್ಡ ಕೆಲಸ ಮುಗಿಸಬೇಕೆಂದು ಹಟ ಹಿಡಿದಿದ್ದರು. ಲಿವರ್ ಕ್ಯಾನ್ಸರಿಗೆ ಆಪರೇಷನ್ ಆದ ಇನ್ನೂರಾರು ಜನರ ಹಳೆಯ ಮೇಣದ ಬ್ಲಾಕುಗಳನ್ನು ಕಪಾಟಿನಿಂದ ಹೊರತೆಗೆಸಿ, ಪ್ರತಿಯೊಂದರಲ್ಲೂ ಎರಡು ಪ್ರೋಟೀನುಗಳಿಗೆ ಬಣ್ಣ ಹಾಕಿಸಿದ್ದರು. ಕ್ಯಾನ್ಸರಿನ ಕೋಶದಲ್ಲಿ ಆ ಎರಡೂ ಪ್ರೋಟೀನು ತುಂಬಿದ್ದರೆ ಸ್ಲೈಡ್ ಗಾಢ ಕಂದಾಗಿ ಕಾಣುತ್ತಿತ್ತು, ಇಲ್ಲದಿದ್ದರೆ ತಿಳಿನೀಲಿ. ಕಂದು ಬಂದವರು ಬೇಗ ಹೋಗುತ್ತಾರೆಯೇ, ನೀಲಿ ಬಂದವರು ಹೆಚ್ಚು ಕಾಲ ಬದುಕುತ್ತಾರೆಯೇ? ಇದು ಪ್ರಶ್ನೆ. ಉತ್ತರ ಹೌದು ಎಂದಾದರೆ, ಮುಂದೆ ಬರುವ ರೋಗಿಗಳಲ್ಲಿ ಯಾರಿಗೆ ಆಪರೇಷನ್ನಾದ ಮೇಲೂ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂದು ಮೊದಲೇ ಹೇಳಬಹುದು. ಬಣ್ಣ ಹಾಕುವಾಗ ಬಣ್ಣದಕ್ಕನಿಗೆ ಸಿಗುತ್ತಿದ್ದದ್ದು ಹೊಸದಾಗಿ ಕೊಟ್ಟ ನಂಬರು ಮಾತ್ರ. ಯಾರ ತುಣುಕು, ಅವರು ಇದ್ದಾರೋ ಸತ್ತರೋ ಎಂಬುದೆಲ್ಲ ಲೆಕ್ಕದ ಮೇಷ್ಟ್ರ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಮೇಷ್ಟ್ರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವರು, ಡಾಕ್ಟರಮ್ಮನ ಒತ್ತಾಯಕ್ಕೆ ಬಂದವರು.

ಮೀಟಿಂಗಿನಲ್ಲಿ ಅವರು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂರು ಗೆರೆಗಳನ್ನು ಮೂಡಿಸಿದರು. ಮೂರೂ ಮೆಟ್ಟಿಲಿನಂತೆ ಎಡದಿಂದ ಬಲಕ್ಕೆ ಇಳಿಯುತ್ತಿದ್ದವು.

"ಒಂದೊಂದು ಮೆಟ್ಟಿಲು ಅಂದ್ರೆ ಒಬ್ಬೊಬ್ಬರು ತೀರ್ಕೊಂಡ್ರು ಅಂತ," ಎಂದರು ಮೇಷ್ಟ್ರು. "ಮೇಲಿನ ಗೆರೆ ನೀಲಿಯವರು. ನೋಡಿ, ನಿಧಾನಕ್ಕೆ ಇಳೀತಾರೆ. ನಡುವಿನದು ಒಂದೇ ಪ್ರೋಟೀನು ಗಾಢವಾಗಿದ್ದವರು. ಕೆಳಗಿನದು ಎರಡೂ ಪ್ರೋಟೀನು ಗಾಢವಾಗಿದ್ದ ಮೂವತ್ತೊಂದು ಜನ. ಧಡಧಡ ಇಳಿದುಬಿಟ್ರು. ನಿಮ್ಮ ಊಹೆ ಸರಿ ಡಾಕ್ಟ್ರೆ. ನಾನು ಇಷ್ಟು ಚೆನ್ನಾಗಿ ಬರತ್ತೆ ಅಂದ್ಕೊಂಡೇ ಇರಲಿಲ್ಲ."

ಡಾಕ್ಟರಮ್ಮ ಕುರ್ಚಿಯಿಂದೆದ್ದು ಗೋಡೆಯ ಹತ್ತಿರ ಹೋದರು. ಕೆಳಗಿನ ಗೆರೆ ಮೂರು ವರ್ಷದ ಹೊತ್ತಿಗೆ ನೆಲಕ್ಕೆ ತಾಕುವಷ್ಟು ಬಂದಿತ್ತು. ಆಮೇಲೆ ಒಂದೇ ಒಂದು ಉದ್ದನೆಯ ಬಾಲ ಏಳು ವರ್ಷದವರೆಗೆ ಅಲ್ಲಾಡದೆ ಚಾಚಿಕೊಂಡಿತ್ತು.

"ಇದ್ಯಾರ್ರೀ ಇದು?"

"ಅದೇ ನನಗೂ ತಲೆ ತಿಂತಿರೋದು. ಒಬ್ಬನೇ ಒಬ್ಬ. ಇನ್ನೂ ಇದ್ದಾನೆ. ಅವನ ಸ್ಲೈಡ್ ಮೂವತ್ತೊಂದರಲ್ಲೇ ಅತಿ ಕಂದು. ಲೆಕ್ಕದ ಪ್ರಕಾರ ಅವನು ಒಂದೂವರೆ ವರ್ಷ ದಾಟಬಾರದಿತ್ತು."

ಬೀಗ ತೆಗೆಯಲು ಅನುಮತಿ ಸಿಕ್ಕಿತ್ತು. ಮೇಷ್ಟ್ರು ಪಟ್ಟಿ ತೆರೆದರು. ಗಂಡಸು. ಆಗ ಮೂವತ್ತನಾಲ್ಕು ವರ್ಷ. ಆಸ್ಪತ್ರೆಯದೇ ನೌಕರ, ವಾಹನ ಚಾಲಕ.

ಬಣ್ಣದಕ್ಕ ಜೋರಾಗಿ ನಕ್ಕುಬಿಟ್ಟಳು. "ಅಯ್ಯೋ, ನಮ್ಮ ಗಟ್ಟಿಪಿಂಡ!"

*

ಆಸ್ಪತ್ರೆಯ ವ್ಯಾನ್ ಓಡಿಸುವ ಗಟ್ಟಿಪಿಂಡನನ್ನು ಅರಿಯದವರು ಅಲ್ಲಿ ಯಾರೂ ಇರಲಿಲ್ಲ. ಏಳು ವರ್ಷದ ಹಿಂದೆ ಅವನ ಲಿವರಿನಿಂದ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ತೆಗೆದಿದ್ದರು. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬಂತು, ಅದೂ ಮಹಾ ಕೆಟ್ಟ ಜಾತಿಯದು ಎಂದು ಬಂತು. ಆರು ತಿಂಗಳು ಅಂಗೈ ಅಂಗಾಲು ಸುಲಿಯುವ ಮಾತ್ರೆ ನುಂಗಿದ. ಸ್ಟೀರಿಂಗ್ ಹಿಡಿಯಲಾಗದೆ ಕೈಗೆ ಬಟ್ಟೆ ಸುತ್ತಿಕೊಂಡು ಓಡಿಸಿದ. ಆಮೇಲೆ ಏನೂ ಆಗಲಿಲ್ಲ. ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಆದವು, ಎಲ್ಲವೂ ಶುದ್ಧ. ಯಮನಿಗೇ ಚಳ್ಳೆಹಣ್ಣು ತಿನ್ನಿಸಿ ಬಂದವನು ಎಂದು ವಾರ್ಡಿನ ನರ್ಸುಗಳು ಹೇಳುತ್ತಿದ್ದರು. ಹೊಸದಾಗಿ ಕ್ಯಾನ್ಸರ್ ಎಂದು ತಿಳಿದು ಗರಬಡಿದಂತೆ ಕೂತ ರೋಗಿಗಳ ಬಳಿ ಡಾಕ್ಟರರೇ ಅವನನ್ನು ಕಳಿಸುತ್ತಿದ್ದರು. ಅವನು ಹಾಸಿಗೆಯ ತುದಿಯಲ್ಲಿ ಕೂತು, ಅಂಗಿ ಎತ್ತಿ ಗಾಯದ ಗುರುತು ತೋರಿಸಿ, "ನೋಡಿ ಯಜಮಾನ್ರೆ, ಇದು ನನ್ನ ಮೆಡಲ್ಲು. ನಿಮಗೂ ಒಂದು ಕೊಡಿಸ್ತೀನಿ ಬನ್ನಿ," ಎನ್ನುತ್ತಿದ್ದ. ಅತ್ತವರೂ ನಗುತ್ತಿದ್ದರು.

ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ವಿಷಯ ಹೇಳಿದರು. "ನಿನ್ನ ಗಡ್ಡೆ ಅಷ್ಟು ಕೆಟ್ಟದಿದ್ರೂ ನೀನು ಗುಂಡುಕಲ್ಲಿನ ಹಾಗಿದೀಯ. ಯಾಕೆ ಅಂತ ಗೊತ್ತಾದ್ರೆ ಎಷ್ಟೋ ಜನಕ್ಕೆ ಉಪಯೋಗ. ಸ್ವಲ್ಪ ರಕ್ತ ಕೊಡು. ನಿನ್ನ ಗಡ್ಡೆಯ ಜೀನುಗಳನ್ನೂ ರಕ್ತದ ಜೀನುಗಳನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ."

"ಸ್ವಲ್ಪ ಯಾಕಮ್ಮ, ಬಕೆಟ್ ತನ್ನಿ," ಎಂದು ಅವನು ತೋಳು ಚಾಚಿದ. ಬಣ್ಣದಕ್ಕನ ಕಡೆ ತಿರುಗಿ, "ಅಕ್ಕಾ, ಪೇಪರಲ್ಲಿ ಫೋಟೋ ಹಾಕ್ತಾರಾ? ಹಾಕೋದಾದ್ರೆ ಕಟಿಂಗ್ ಮಾಡಿಸ್ಕೊಂಡು ಬರ್ತೀನಿ."

ಮೂರು ವಾರದ ಮೇಲೆ ಹೊರಗಿನ ದೊಡ್ಡ ಲ್ಯಾಬಿನಿಂದ ಉತ್ತರ ಬಂತು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು.

"ಈ ರಕ್ತ, ಈ ಗಡ್ಡೆ, ಎರಡೂ ಒಬ್ಬರದಲ್ಲ ಅಂತಾರಲ್ಲೇ."

"ರಕ್ತದ ಟ್ಯೂಬು ಅದಲು ಬದಲಾಗಿರಬೇಕು," ಎಂದಳು ಬಣ್ಣದಕ್ಕ.

ಮತ್ತೆ ರಕ್ತ ತೆಗೆದರು. ಈ ಸಲ ಡಾಕ್ಟರಮ್ಮನೇ ಟ್ಯೂಬಿಗೆ ಚೀಟಿ ಅಂಟಿಸಿ ಸಹಿ ಹಾಕಿದರು. ಬ್ಲಾಕಿನಿಂದಲೂ ಹೊಸ ತುಣುಕು ಹೆರೆದು ಕಳಿಸಿದರು. ಉತ್ತರ ಅದೇ ಬಂತು. ಅಕ್ಷರವೂ ಬದಲಾಗಿರಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಅಂದ್ರೆ ಆ ಕ್ಯಾನ್ಸರು ಅವನದ್ದೇ ಅಲ್ಲ. ಏಳು ವರ್ಷದಿಂದ ಬೇರೆ ಯಾರದ್ದೋ ಬ್ಲಾಕು ಇವನ ನಂಬರಲ್ಲಿ ಕೂತಿದೆ." ರಿಪೋರ್ಟು ಮಡಚಿಡುತ್ತ ಅವರು ಹೇಳಿದರು: "ಹಾಗಾದ್ರೆ ಇವನದ್ದು ಎಲ್ಲಿದೆ? ಆ ವರ್ಷದ ರಿಜಿಸ್ಟರ್ ತಗೊಂಡು ಬಾ. ಅವತ್ತು ಬಂದ ಲಿವರುಗಳನ್ನೆಲ್ಲ ನೋಡೋಣ."

*

ಹಳೆಯ ರಿಜಿಸ್ಟರುಗಳು ದಾಸ್ತಾನು ಕೋಣೆಯ ಮೇಲಿನ ಹಲಗೆಯಲ್ಲಿದ್ದವು. ಬಣ್ಣದಕ್ಕ ಸ್ಟೂಲು ಹತ್ತಿ ಆ ವರ್ಷದ್ದನ್ನು ಎಳೆದಳು. ಧೂಳು ಕೊಡವಿ, ಸ್ಟೂಲಿನ ಮೇಲೆ ನಿಂತೇ ಪುಟ ಮಗುಚಿದಳು. ಗಟ್ಟಿಪಿಂಡನ ಬ್ಲಾಕಿನ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಪುಟ ಸಿಕ್ಕಿತು. ಅಕ್ಷರ ಅವಳದೇ.

ನಲವತ್ತೊಂದು: ಗಟ್ಟಿಪಿಂಡನ ಹೆಸರು, ಲಿವರ್ ಗಡ್ಡೆ. ಷರಾದಲ್ಲಿ ಆಮೇಲೆ ಬರೆದದ್ದು: ಕ್ಯಾನ್ಸರ್.

ನಲವತ್ತೆರಡು: ಲಿವರ್ ಗಡ್ಡೆ. ಷರಾದಲ್ಲಿ: ಕ್ಯಾನ್ಸರ್ ಅಲ್ಲ, ಅಪಾಯವಿಲ್ಲದ ಗಂಟು.

ನಲವತ್ತೆರಡರ ಮುಂದಿದ್ದದ್ದು ಅವಳ ಭಾವನ ಹೆಸರು.

ಭಾವನ ಆಪರೇಷನ್ನಾದ ದಿನವನ್ನು ಅವಳು ಮರೆತಿರಲಿಲ್ಲ. ಆದರೆ ಆ ದಿನ ಒಂದು ಕಡೆ, ಗಟ್ಟಿಪಿಂಡ ಇನ್ನೊಂದು ಕಡೆ ಅವಳ ತಲೆಯಲ್ಲಿ ಕೂತಿದ್ದವು. ಎರಡೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು ಇವೆಯೆಂದು ಅವಳು ಎಂದೂ ಯೋಚಿಸಿರಲಿಲ್ಲ.

ಅವಳು ಸ್ಟೂಲಿನಿಂದ ಇಳಿಯಲಿಲ್ಲ. ಹಲಗೆಯ ಅಂಚು ಹಿಡಿದು ನಿಂತಳು. ಆ ಬೆಳಿಗ್ಗೆ ಮೊದಲಿನಿಂದ ಕೊನೆಯವರೆಗೆ ಕಣ್ಣಿಗೆ ಕಟ್ಟಿತು.

ಆಪರೇಷನ್ ಕೋಣೆಯಿಂದ ಬಂದ ಡಬ್ಬಿಗಳನ್ನು ಬಂದ ಕ್ರಮದಲ್ಲೇ ಮೇಜಿನ ಮೇಲೆ ಸಾಲಾಗಿ ಇಡುವುದು ಪದ್ಧತಿ. ಅದೇ ಕ್ರಮದಲ್ಲಿ ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಮುಂಚೆಯೇ ನಂಬರು ಬರೆದು ಜೋಡಿಸಿಟ್ಟಿರುತ್ತಿದ್ದರು. ಡಾಕ್ಟರರು ಒಂದೊಂದೇ ಡಬ್ಬಿ ತೆಗೆದು ತುಣುಕು ಕತ್ತರಿಸಿ ಕೊಡುತ್ತಾರೆ, ಟೆಕ್ನಿಷಿಯನ್ ಅದನ್ನು ಸಾಲಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚುತ್ತಾಳೆ. ಅವತ್ತು ಗಟ್ಟಿಪಿಂಡನ ಡಬ್ಬಿ ಮೊದಲು, ಭಾವನದು ಎರಡನೆಯದು. ಅವಳ ಅಕ್ಕ, ಭಾವನ ಹೆಂಡತಿ, ಹೊರಗೆ ಬೆಂಚಿನ ಮೇಲೆ ಕೂತು ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ. ಡಾಕ್ಟರಮ್ಮನ ಕೈ, ಕಣ್ಣು ದಣಿಯುವ ಮೊದಲೇ ಭಾವನದು ಆಗಿಬಿಡಲಿ ಎಂದು ಬಣ್ಣದಕ್ಕ ಆ ಡಬ್ಬಿಯನ್ನು ಎತ್ತಿ ಮುಂದಿಟ್ಟಳು. ಅಷ್ಟೇ. ಡಬ್ಬಿ ಮುಂದೆ ಬಂತು. ಪೆಟ್ಟಿಗೆಗಳು ಇದ್ದಲ್ಲೇ ಇದ್ದವು. ಡಾಕ್ಟರಮ್ಮ ಕತ್ತರಿಸುತ್ತ, "ನಂಬರು?" ಎಂದರು. ಅವಳು ಪೆಟ್ಟಿಗೆ ನೋಡಿ, "ನಲವತ್ತೊಂದು," ಎಂದಳು.

ಆ ಸಂಜೆ ಅಕ್ಕನ ಕೈ ಹಿಡಿದು ಅವಳೇ ಹೇಳಿದ್ದಳು: "ಭಾವಂದು ಎಲ್ಲರಿಗಿಂತ ಮೊದಲು ನಾನೇ ನಿಂತು ಮಾಡಿಸಿದೆ ಅಕ್ಕಾ. ನೀನು ಏನೂ ಹೆದರ್ಬೇಡ." ಐದನೆಯ ದಿನ ರಿಪೋರ್ಟು ಬಂದಾಗ ಅವಳೇ ಓಡಿ ತೆಗೆದುಕೊಂಡು ಹೋಗಿದ್ದಳು. ಕ್ಯಾನ್ಸರ್ ಅಲ್ಲ. ಅಕ್ಕ, ಭಾವ, ಅವಳು ಮೂವರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಕ್ಕಳಂತೆ ಅತ್ತಿದ್ದರು.

ಹದಿನಾಲ್ಕನೆಯ ತಿಂಗಳಿಗೆ ಭಾವ ಇಲ್ಲವಾದರು.

ಎಷ್ಟು ಹೊತ್ತಾಯಿತೋ. ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತಿದ್ದರು. "ಏನೇ, ಸಿಕ್ತಾ?"

ಬಣ್ಣದಕ್ಕ ರಿಜಿಸ್ಟರನ್ನು ಹಾಗೇ ಕೆಳಗೆ ಚಾಚಿದಳು. ಡಾಕ್ಟರಮ್ಮ ಪುಟ ನೋಡಿದರು. ಅವರಿಗೆ ನಲವತ್ತೆರಡರ ಹೆಸರು ಯಾರದೆಂದು ಮೊದಲು ಹೊಳೆಯಲಿಲ್ಲ.

"ಇವನೊಬ್ಬನೇ ಇರೋದು ಅವತ್ತು. ಯಾರು ಇದು? ಇದ್ದಾನಾ?"

"ನನ್ನ ಭಾವ," ಎಂದಳು ಬಣ್ಣದಕ್ಕ. "ಇಲ್ಲ. ಡಬ್ಬಿ ಮುಂದಿಟ್ಟವಳು ನಾನೇ ಡಾಕ್ಟ್ರೆ."

*

ಭಾವನ ಹೆಸರಿನಲ್ಲಿದ್ದ ಬ್ಲಾಕು ಗಟ್ಟಿಪಿಂಡನ ರಕ್ತಕ್ಕೆ ಸರಿಯಾಗಿ ಹೊಂದಿತು. ಇನ್ನು ಅನುಮಾನಕ್ಕೆ ಎಳ್ಳಷ್ಟೂ ಜಾಗವಿರಲಿಲ್ಲ. ಡಾಕ್ಟರಮ್ಮ ಮೇಲಿನವರಿಗೆ ಎಲ್ಲವನ್ನೂ ಬರೆದು ಕೊಟ್ಟರು. "ಡಬ್ಬಿಯ ಮೇಲಿನ ಚೀಟಿ ನಾನೂ ಓದಬೇಕಿತ್ತು. ನೀನು ಹೇಳಿದ ನಂಬರು ಕೇಳಿ ಸುಮ್ಮನಾದೆ. ನಿನ್ನೊಬ್ಬಳ ಕುತ್ತಿಗೆಗೆ ಕಟ್ಟೋದಿಲ್ಲ," ಎಂದರು. ಪೆನ್ನಿನ ಮುಚ್ಚಳ ಹಾಕಲು ಮೂರು ಸಲ ಪ್ರಯತ್ನಿಸಿದರು.

ಗಟ್ಟಿಪಿಂಡನಿಗೆ ಹೇಳುವಾಗ ಬಣ್ಣದಕ್ಕ ತಾನೂ ಇರುತ್ತೇನೆ ಎಂದಳು. ಅವನು ಡಾಕ್ಟರಮ್ಮನ ಕೋಣೆಗೆ ಬರುವಾಗಲೇ, "ಫೋಟೋಗ್ರಾಫರ್ ಎಲ್ಲಿ?" ಎಂದುಕೊಂಡೇ ಬಂದ. ನಿಜಕ್ಕೂ ಕೂದಲು ಕತ್ತರಿಸಿಕೊಂಡು ಬಂದಿದ್ದ.

ಡಾಕ್ಟರಮ್ಮ ಒಂದನ್ನೂ ಮುಚ್ಚಿಡದೆ ಹೇಳಿದರು. ಅವನು ನಗುತ್ತಲೇ ಕೇಳಿಸಿಕೊಂಡ. ಮುಗಿದ ಮೇಲೂ ಆ ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು, ತೆಗೆಯಲು ಮರೆತವನಂತೆ.

"ಅಂದ್ರೆ ನನಗೆ ಕ್ಯಾನ್ಸರು ವಾಸಿ ಆಗಿಲ್ವಾ?"

"ನಿನಗೆ ಕ್ಯಾನ್ಸರು ಬಂದೇ ಇರಲಿಲ್ಲ."

"ಆ ಮಾತ್ರೆಗಳು?"

"ಬೇಕಿರಲಿಲ್ಲ."

ಅವನು ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ. "ನನಗೆ ಮದುವೆ ಗೊತ್ತಾಗಿತ್ತು ಅಮ್ಮ. ನೀವ್ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗಿನ ಡಾಕ್ಟ್ರು ಎರಡು ವರ್ಷ ಅಂದ್ರು. ನಾನು ಆ ಹುಡುಗಿ ಮನೆಗೆ ಹೋಗಿ, ಬೇಡಮ್ಮ, ನೀನು ಬೇರೆ ಯಾರನ್ನಾದ್ರೂ ಮಾಡ್ಕೋ ಅಂದೆ. ಅವಳು ಅತ್ಲು. ಸತ್ರೂ ಪರವಾಗಿಲ್ಲ, ಎರಡು ವರ್ಷ ಜೊತೆಗಿರ್ತೀನಿ ಅಂದ್ಲು. ನಾನೇ ಬೈದು ಕಳಿಸಿದೆ. ಈಗ ಅವಳಿಗೆ ಇಬ್ಬರು ಮಕ್ಕಳು."

ಡಾಕ್ಟರಮ್ಮ ನೀರಿನ ಲೋಟವನ್ನು ಅವನ ಕಡೆ ಸರಿಸಿದರು. ಅವನು ಮುಟ್ಟಲಿಲ್ಲ.

"ವಾರ್ಡಲ್ಲಿ ಎಷ್ಟು ಜನಕ್ಕೆ ಹೇಳಿದೀನಿ ನಾನು! ನನ್ನ ನೋಡಿ, ಹೆದರ್ಬೇಡಿ, ಗೆಲ್ಬಹುದು ಅಂತ. ಅವರಲ್ಲಿ ಅರ್ಧ ಜನ ಹೋದ್ರು. ನಾನು ಅವರ ಮನೆಗೆ ಹೋಗಿ, ಅವರು ಧೈರ್ಯ ಕಳ್ಕೊಂಡ್ರು ಅನ್ಸತ್ತೆ ಅಂತ ಬೇರೆ ಹೇಳಿ ಬರ್ತಿದ್ದೆ." ಅವನು ಬಣ್ಣದಕ್ಕನ ಕಡೆ ತಿರುಗಿದ. "ನನ್ನ ಹತ್ರ ಇದ್ದಿದ್ದೇ ಒಂದು ಕತೆ ಅಕ್ಕಾ. ಅದೂ ನಂದಲ್ಲ."

"ತಪ್ಪು ನನ್ನದು," ಎಂದಳು ಬಣ್ಣದಕ್ಕ.

ಅವನು ಅವಳ ಮುಖ ನೋಡಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಕೇಳಿದ್ದು ಬೇರೆ: "ಹಾಗಾದ್ರೆ ನಿಜವಾದ ಖಾಯಿಲೆ ಯಾರಿಗಿತ್ತು?"

ಅವಳು ಹೇಳಿದಳು. ಅವನು ಎದ್ದು ನಿಂತ. ವ್ಯಾನಿನ ಕೀಲಿಯನ್ನು ಜೇಬಿನಿಂದ ತೆಗೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಹೊರಗೆ ಹೋದ. ಹತ್ತು ದಿನ ಯಾರ ಕಣ್ಣಿಗೂ ಬೀಳಲಿಲ್ಲ.

*

ಭಾವ ಬಡಗಿಯಾಗಿದ್ದರು. ಅವರು ಹೋದ ಮೇಲೆ ಅಕ್ಕ ಅದೇ ಅಂಗಡಿಯಲ್ಲಿ ಹಳೆಯ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಕೆಲಸ ಕಲಿತು, ಅದನ್ನೇ ನಡೆಸುತ್ತಿದ್ದಳು. ಮಧ್ಯಾಹ್ನದ ಹೊತ್ತು ಬಣ್ಣದಕ್ಕ ಹೋದಾಗ ಅವಳು ನೆಲದ ಮೇಲೆ ಕೂತು ಒಂದು ಕುರ್ಚಿಯ ಕಾಲಿಗೆ ಮರಳುಕಾಗದ ಉಜ್ಜುತ್ತಿದ್ದಳು. ತಲೆಗೂದಲ ಮೇಲೆಲ್ಲ ಮರದ ಹುಡಿ.

"ಏನೇ, ಕೆಲಸದ ದಿನ ಬಂದಿದೀಯ? ಮುಖ ಯಾಕೆ ಹಾಗಿದೆ? ಹುಷಾರಿಲ್ವಾ?"

ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಕಲಿತುಕೊಂಡು ಬಂದಿದ್ದೆಲ್ಲ ಹಾರಿಹೋಯಿತು. ಬಣ್ಣದಕ್ಕ ನಿಂತಲ್ಲೇ ಹೇಳಿಬಿಟ್ಟಳು. ಭಾವನ ಗಡ್ಡೆ ಕ್ಯಾನ್ಸರೇ ಆಗಿತ್ತು. ಮೊದಲಿನಿಂದಲೂ. ರಿಪೋರ್ಟು ಬೇರೆಯವರದು. ಅದಲು ಬದಲು ಮಾಡಿದವಳು ನಾನು.

ಅಕ್ಕನ ಕೈ ಮಾತ್ರ ಉಜ್ಜುತ್ತಲೇ ಇತ್ತು. ಒಂದೇ ಕಡೆ, ಮೇಲೆ ಕೆಳಗೆ, ಮೇಲೆ ಕೆಳಗೆ. ಬಣ್ಣ ಹೋಗಿ ಬಿಳಿಯ ಮರ ಕಾಣತೊಡಗಿತು.

"ಅಕ್ಕಾ."

"ನೀನೇ ಹೇಳಿದ್ದೆ, ಎಲ್ಲರಿಗಿಂತ ಮೊದಲು ಮಾಡಿಸಿದೆ ಅಂತ."

"ಹೂಂ. ಮೊದಲು ಮಾಡಿಸೋಕೆ ಹೋಗಿದ್ದಕ್ಕೇ ಹೀಗಾಯ್ತು."

ಅಕ್ಕ ಮರಳುಕಾಗದ ಕೆಳಗಿಟ್ಟಳು. "ನಿನಗೆ ಒಂದು ವಿಷಯ ಗೊತ್ತಿಲ್ಲ," ಎಂದಳು. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಆರನೇ ತಿಂಗಳಿಂದ ಅವರು ಸುಸ್ತು ಸುಸ್ತು ಅಂತಿದ್ರು. ಹಲಗೆ ಎತ್ತೋಕಾಗಲ್ಲ, ಒಳಗೇನೋ ಎಳೀತಿದೆ ಅಂತಿದ್ರು. ನಾನು ಆ ರಿಪೋರ್ಟ್ ತೆಗೆದು ಮುಖದ ಮುಂದೆ ಹಿಡೀತಿದ್ದೆ. ನೋಡಿ, ಇಲ್ಲಿ ಬರೆದಿದೆ, ಏನೂ ಇಲ್ಲ, ನಿಮಗೆ ಸೋಮಾರಿತನ ಹತ್ಕೊಂಡಿದೆ ಅಂತ. ಒಂದ್ಸಲ ಅಲ್ಲ, ಎಷ್ಟು ಸಲ! ಅವರು ಸುಮ್ಮನೆ ಎದ್ದು ಹೋಗಿ ಹಲಗೆ ಎತ್ತೋರು. ಹನ್ನೊಂದನೇ ತಿಂಗಳು ಕಣ್ಣು ಹಳದಿಯಾಗೋವರೆಗೂ ನಾನು ನಂಬಲಿಲ್ಲ ಕಣೇ. ಈ ಕ್ಯಾನ್ಸರು ಹೊಸದಾಗಿ ಬಂದಿದ್ದು ಅಂದ್ರಲ್ಲ ಡಾಕ್ಟ್ರು ಆಮೇಲೆ, ಆಗ ನಾನು ಒಳಗೊಳಗೇ ಸಮಾಧಾನ ಮಾಡ್ಕೊಂಡಿದ್ದೆ. ಆಗ ಏನೂ ಇರಲಿಲ್ಲ, ನಾನು ಬೈದಿದ್ದು ಅಷ್ಟು ದೊಡ್ಡ ತಪ್ಪಲ್ಲ ಅಂತ."

ಬಣ್ಣದಕ್ಕ ಗೋಡೆಗೆ ಒರಗಿದಳು. ಇದು ಅವಳ ಕಲ್ಪನೆಗೂ ಬಂದಿರಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳು. ಗೊತ್ತಾಗಿದ್ರೆ ಉಳೀತಿದ್ರಾ?"

ಆ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಡಾಕ್ಟರಮ್ಮನೂ ಹೇಳಿಕೊಟ್ಟಿದ್ದರು. "ಅವರ ಗಡ್ಡೇಲಿ ಎರಡು ಪ್ರೋಟೀನು ತುಂಬಾ ಜಾಸ್ತಿ ಇತ್ತು ಅಕ್ಕಾ. ಅಂಥವರು ಇವರೂ ಸೇರಿ ಮೂವತ್ತೊಂದು ಜನ ಇದ್ರು. ಉಳಿದ ಮೂವತ್ತು ಜನಕ್ಕೆ ಮಾತ್ರೆ ಕೊಟ್ಟು, ಸ್ಕ್ಯಾನ್ ಮಾಡಿ, ಎಲ್ಲ ನೋಡ್ಕೊಂಡ್ರೂ ಮೂರು ವರ್ಷದೊಳಗೆ ಇಪ್ಪತ್ತೇಳು ಜನ ಹೋದ್ರು."

"ಮೂರು ಜನ ಉಳಿದ್ರಾ?"

"ಮೂರು ವರ್ಷ ದಾಟಿದ್ರು. ಆಮೇಲೆ ಅವರೂ..."

"ಆ ಮೂರು ಜನಕ್ಕೆ ತಮಗೇನು ಖಾಯಿಲೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಇವರಿಗೆ ಗೊತ್ತಿರಲಿಲ್ಲ," ಎಂದಳು ಅಕ್ಕ. "ನಾಲ್ಕನೆಯವರು ಇವರಾಗಬಹುದಿತ್ತು. ಆಗಲ್ಲ ಅಂತ ನೀನು ಹೇಳ್ತೀಯಾ? ನಿನ್ನ ಲೆಕ್ಕ ಹೇಳತ್ತಾ?"

ಬಣ್ಣದಕ್ಕ ಇಲ್ಲವೆಂದು ತಲೆಯಾಡಿಸಿದಳು. ಲೆಕ್ಕ ಮೂವತ್ತೊಂದು ಜನರ ಬಗ್ಗೆ ಹೇಳುತ್ತಿತ್ತು. ಅಕ್ಕ ಕೇಳುತ್ತಿದ್ದದ್ದು ಒಬ್ಬರ ಬಗ್ಗೆ.

"ಹೋಗು ಈಗ," ಎಂದಳು ಅಕ್ಕ. "ಮನೆಗೆ ಹೋಗು."

*

ಒಂದು ತಿಂಗಳು ಕಳೆದ ಮೇಲೆ ಅಕ್ಕನೇ ಫೋನ್ ಮಾಡಿದಳು. ಬಾ ಎಂದಷ್ಟೇ ಹೇಳಿದಳು. ಹೋದಾಗ ಅಂಗಡಿಯ ಮೇಜಿನ ಮೇಲೆ ಬಿಳಿಯ ಹಾಳೆ, ಪೆನ್ನು ಸಿದ್ಧವಾಗಿದ್ದವು.

"ಆ ಡ್ರೈವರ್ ಬಂದಿದ್ದ," ಎಂದಳು ಅಕ್ಕ. "ಎರಡು ಸಲ. ಮೊದಲ ಸಲ ಬಾಗಿಲಲ್ಲೇ ನಿಂತಿದ್ದ. ಏನು ಬೇಕು ಅಂದೆ. ಏನೂ ಬೇಡ, ನೋಡ್ಕೊಂಡು ಹೋಗೋಣ ಅಂತ ಬಂದೆ ಅಂದ. ಕೂತ್ಕೋ ಅಂದೆ. ಏನು ಮಾತಾಡ್ಬೇಕು ಅಂತ ಇಬ್ಬರಿಗೂ ಗೊತ್ತಾಗ್ಲಿಲ್ಲ. ನಿಮ್ಮ ಯಜಮಾನ್ರು ಹೇಗಿದ್ರು ಅಂತ ಕೇಳಿದ. ಹೇಳಿದೆ. ಎರಡನೇ ಸಲ ಬಂದಾಗ ಒಂದು ಕಪಾಟು ಎತ್ತಿಡೋಕೆ ಸಹಾಯ ಮಾಡಿ ಹೋದ." ಅವಳು ಹಾಳೆಯನ್ನು ತಂಗಿಯ ಕಡೆ ತಳ್ಳಿದಳು. "ನಾನು ಆಸ್ಪತ್ರೆ ಮೇಲೆ ದೂರು ಕೊಡ್ಬೇಕು. ನೀನೇ ಬರಿ. ಏನಾಯ್ತು ಅಂತ ಪೂರ್ತಿ ಗೊತ್ತಿರೋಳು ನೀನೊಬ್ಬಳೇ."

ಬಣ್ಣದಕ್ಕ ಕೂತು ಬರೆದಳು. ತಾರೀಖು, ನಂಬರುಗಳು, ಡಬ್ಬಿ, ಪೆಟ್ಟಿಗೆ. ಅಕ್ಕ ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

"ಇದೇನು, 'ಕರ್ತವ್ಯದಲ್ಲಿದ್ದ ಟೆಕ್ನಿಷಿಯನ್' ಅಂತ ಬರೆದಿದೀಯ?"

"ಹಾಗೇ ಬರೆಯೋದು."

"ಹೊಡೆದು ಹಾಕು. ನನ್ನ ತಂಗಿ ಅಂತ ಬರಿ."

ಬಣ್ಣದಕ್ಕ ಹೊಡೆದು ಹಾಕಿ ಬರೆದಳು. ಅಕ್ಕ ಸಹಿ ಮಾಡಿದಳು. "ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂತ ತಿಳ್ಕೋಬೇಡ," ಎಂದಳು. "ಇದನ್ನ ಎಲ್ಲಿ ಕೊಡಬೇಕು ಅಂತ ಗೊತ್ತಿಲ್ಲ ನನಗೆ. ನೀನೂ ಬಾ." ಇಬ್ಬರೂ ಬಸ್ಸಿನಲ್ಲಿ ಹೋದರು, ಬೇರೆ ಬೇರೆ ಸೀಟಿನಲ್ಲಿ ಕೂತು.

ವಿಚಾರಣೆ ಮೂರು ತಿಂಗಳು ನಡೆಯಿತು. ಆ ವರ್ಷದ ಬ್ಲಾಕುಗಳನ್ನೆಲ್ಲ ಮತ್ತೆ ಪರೀಕ್ಷಿಸಿದರು. ಬೇರೆ ಯಾವುದೂ ಅದಲು ಬದಲಾಗಿರಲಿಲ್ಲ. ಡಾಕ್ಟರಮ್ಮ ನಿವೃತ್ತಿಯ ಅವಧಿಗೆ ಮೊದಲೇ ಕೆಲಸ ಬಿಟ್ಟರು. ಬಿಡುವ ಮುನ್ನ ಮೇಷ್ಟ್ರ ಜೊತೆ ಕೂತು ಅಧ್ಯಯನವನ್ನು ತಿದ್ದಿಸಿದರು. ಆ ಸ್ಲೈಡಿನ ಮುಂದೆ ಏಳು ವರ್ಷ ಎಂದಿದ್ದದ್ದನ್ನು ಅಳಿಸಿ ಹದಿನಾಲ್ಕು ತಿಂಗಳು ಎಂದು ಬರೆದರು. ಗೆರೆಯ ಉದ್ದನೆಯ ಬಾಲ ಹೋಯಿತು. ಮೇಷ್ಟ್ರು ಅದನ್ನು ತೋರಿಸಿದಾಗ ಬಣ್ಣದಕ್ಕ ಕಣ್ಣು ಮುಚ್ಚಿಕೊಂಡಳು. ಗಟ್ಟಿಪಿಂಡ ವ್ಯಾನಿನ ಕೆಲಸಕ್ಕೆ ಮರಳಿದ, ಆದರೆ ವಾರ್ಡುಗಳಿಗೆ ಮತ್ತೆ ಕಾಲಿಡಲಿಲ್ಲ.

ವಿಚಾರಣೆಯ ಕೊನೆಯ ದಿನ ಸಮಿತಿಯವರು ಅಕ್ಕನನ್ನು ಕರೆದು, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಬಣ್ಣದಕ್ಕ ಎದುರಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳನ್ನು ಒಂದು ವರ್ಷ ಲ್ಯಾಬಿನಿಂದ ಹೊರಗಿಡಬೇಕೆಂದು ಆಗಲೇ ತೀರ್ಮಾನವಾಗಿತ್ತು.

"ಅವಳು ತಾನಾಗೇ ಬಂದು ಹೇಳಿದ್ಲು," ಎಂದಳು ಅಕ್ಕ. "ಹೇಳದೇ ಇದ್ದಿದ್ರೆ ನನಗೆ ಸಾಯೋವರೆಗೂ ಗೊತ್ತಾಗ್ತಿರಲಿಲ್ಲ. ಅದನ್ನೂ ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಅಕ್ಕ ಎದ್ದು, ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವಳು ಅಲ್ಲಿ ನಿಂತಳು. ತಿರುಗಿ ನೋಡಲಿಲ್ಲ. ಬಣ್ಣದಕ್ಕ ತನ್ನ ಕಾಗದಗಳನ್ನು ಒಟ್ಟು ಮಾಡಿಕೊಂಡು ಹತ್ತಿರ ಬರುವ ತನಕ ಹಾಗೇ ನಿಂತಿದ್ದು, ಆಮೇಲೆ ಮೆಟ್ಟಿಲಿಳಿಯತೊಡಗಿದಳು.